ಗಡಿಗೆಯ ನೀರು ಮತ್ತು ಮಾಳಿಗೆಯ ಗಾಳಿ

ಚೈತ್ರ ಕಳೆದು ವೈಶಾಖವು ಕಾಲಿಡುವ ಹೊತ್ತಿಗೆ ಕೃಷ್ಣೆ ಮತ್ತು ಘಟಪ್ರಭೆಗಳ ನಡುವಣ ನಮ್ಮ ನಾಡಿನಲ್ಲಿ ಬಿಸಿಲು ತನ್ನ ಪೂರ್ಣ ಪ್ರತಾಪವನ್ನು ತೋರತೊಡಗುತ್ತದೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಈ ಊರುಗಳಲ್ಲಿ ಹುಟ್ಟಿ ಬೆಳೆದವರಿಗೆ ವಸಂತವೆಂದರೆ ಕೋಗಿಲೆಯ ಕೂಗಿಗಿಂತ ಮೊದಲು ನೆನಪಾಗುವುದು ನೀರಿನ ಗಡಿಗೆ. ನಡುಮಧ್ಯಾಹ್ನ ಮೋಟಾರು ಇಳಿದು ಬಂದ ಅತಿಥಿಗೆ ಪಡಸಾಲೆಯಲ್ಲಿ ಮೊದಲು ಕೊಡುವುದು ಒಂದು ತಂಬಿಗೆ ನೀರು, ಜೊತೆಗೊಂದು ಬೆಲ್ಲದ ಚೂರು. ಆತನು ನೀರು ಕುಡಿದು, ತಂಬಿಗೆ ಕೆಳಗಿಟ್ಟು, ಒಂದು ದೀರ್ಘವಾದ ಉಸಿರು ಬಿಟ್ಟ ಮೇಲೆಯೇ ಕುಶಲ ಪ್ರಶ್ನೆ. ಹೊರಗೆ ನೆರಳಿನಲ್ಲಿಯೂ ಉಷ್ಣಮಾಪಕವು 40 ಡಿಗ್ರಿ ತೋರಿಸುತ್ತಿರುವಾಗ ಆ ತಂಬಿಗೆಯ ನೀರು ಅಷ್ಟೊಂದು ತಣ್ಣಗಿರುವುದು ಹೇಗೆ? ವಿದ್ಯುತ್ತಿಲ್ಲ, ಯಂತ್ರವಿಲ್ಲ, ಮಂಜುಗಡ್ಡೆಯಿಲ್ಲ. ಕಾಲೇಜಿನ ಮೊದಲ ವರ್ಷದ ತರಗತಿಯಲ್ಲಿ ನಾನು ಈ ಪ್ರಶ್ನೆಯನ್ನು ಕೇಳಿದಾಗಲೆಲ್ಲ ಬರುವ ಉತ್ತರ ಒಂದೇ: “ಮಣ್ಣು ಸ್ವಭಾವತಃ ತಂಪು, ಸರ್.” ಈ ಉತ್ತರವು ತಪ್ಪು. ಆದರೆ ಇದು ಏಕೆ ತಪ್ಪು ಎಂಬುದನ್ನು ವಿಚಾರಿಸುತ್ತ ಹೋದರೆ ನಮ್ಮ ಮನೆ, ಅಂಗಳ, ಮಾಳಿಗೆ, ಹೊಳೆದಂಡೆಗಳ ಅನೇಕ ಸುಖಗಳ ಗುಟ್ಟು ಬಯಲಾಗುತ್ತದೆ. ಒಂದೆರಡು ಅಪಾಯಗಳ ಗುಟ್ಟೂ ಕೂಡ.

ಮೊದಲು ಗಡಿಗೆಯನ್ನೇ ನೋಡೋಣ. ಕುಂಬಾರನು ಜೇಡಿಮಣ್ಣಿಗೆ ನುಣ್ಣನೆಯ ಮರಳನ್ನೋ ಬೂದಿಯನ್ನೋ ಹೊಟ್ಟನ್ನೋ ಬೆರೆಸಿ ಹದಗೊಳಿಸುತ್ತಾನೆ. ಆವಿಗೆಯಲ್ಲಿ ಸುಡುವಾಗ ಹೊಟ್ಟು ಮೊದಲಾದವು ಉರಿದುಹೋಗಿ ಅವು ಇದ್ದ ಸ್ಥಳಗಳಲ್ಲಿ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ರಂಧ್ರಗಳು ಉಳಿಯುತ್ತವೆ. ಗಡಿಗೆಯಲ್ಲಿ ನೀರು ತುಂಬಿದೊಡನೆ ಅದು ಈ ರಂಧ್ರಗಳ ಮೂಲಕ ಹೊರಮೈಗೆ ಜಿನುಗಿ ಬರುತ್ತದೆ. ಹೊಸ ಗಡಿಗೆಯ ಹೊರಮೈಯನ್ನು ಅಂಗೈಯಿಂದ ಮುಟ್ಟಿ ನೋಡಿದರೆ ಈ ತೇವವು ಸ್ಪಷ್ಟವಾಗಿ ತಿಳಿಯುತ್ತದೆ. ಒಣಗಾಳಿಯು ಆ ತೇವವನ್ನು ಆವಿಯಾಗಿಸಿ ಒಯ್ಯುತ್ತದೆ. ತಂಪಿನ ಗುಟ್ಟೆಲ್ಲ ಇರುವುದು ಈ ಆವಿಯಾಗುವಿಕೆಯಲ್ಲಿ.

ನೀರಿನ ಅಣುಗಳೆಲ್ಲವೂ ಒಂದೇ ವೇಗದಿಂದ ಚಲಿಸುವುದಿಲ್ಲ. ಕೆಲವು ಮಂದಗತಿಯವು, ಕೆಲವು ತೀವ್ರಗತಿಯವು. ನೀರಿನ ಮೈಯನ್ನು ಬಿಟ್ಟು ಗಾಳಿಗೆ ಹಾರಲು ನೆರೆಯ ಅಣುಗಳ ಸೆಳೆತವನ್ನು ಮೀರಬೇಕಾಗುತ್ತದೆ. ಆದುದರಿಂದ ಹಾರಿಹೋಗುವವು ಬಹುಮಟ್ಟಿಗೆ ಅತಿ ವೇಗದ ಅಣುಗಳೇ. ಊರಿನ ಕಬಡ್ಡಿ ತಂಡದಿಂದ ಚುರುಕಾದ ನಾಲ್ವರು ಬಿಟ್ಟುಹೋದರೆ ಉಳಿದ ತಂಡದ ಸರಾಸರಿ ಚುರುಕು ಇಳಿಯುವಂತೆ, ವೇಗದ ಅಣುಗಳು ಹೋದ ಮೇಲೆ ಉಳಿದ ನೀರಿನ ಸರಾಸರಿ ವೇಗ ಇಳಿಯುತ್ತದೆ. ಅಣುಗಳ ಸರಾಸರಿ ಚಲನಶಕ್ತಿಯ ಅಳತೆಯನ್ನೇ ನಾವು ಉಷ್ಣಮಾನವೆನ್ನುತ್ತೇವೆ. ಒಂದು ಗ್ರಾಂ ನೀರು ನಮ್ಮ ಬೇಸಗೆಯ ಉಷ್ಣಮಾನದಲ್ಲಿ ಆವಿಯಾಗಲು ಸುಮಾರು 580 ಕ್ಯಾಲರಿ ಶಾಖ ಬೇಕು. ಈ ಶಾಖವು ಉಷ್ಣಮಾಪಕದಲ್ಲಿ ಕಾಣಿಸಿಕೊಳ್ಳದೆ ಆವಿಯಲ್ಲಿ ಅಡಗಿಬಿಡುವುದರಿಂದ ಇದಕ್ಕೆ ಗುಪ್ತೋಷ್ಣವೆಂದು ಹೆಸರು. ಸ್ಕಾಟ್ಲೆಂಡಿನ ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ ಜೋಸೆಫ್ ಬ್ಲ್ಯಾಕ್ ಎಂಬ ಪ್ರಾಧ್ಯಾಪಕನು 1760ರ ದಶಕದ ಆರಂಭದಲ್ಲಿ ಇದನ್ನು ಅಳೆದು ತೋರಿಸಿದನು.

ಲೆಕ್ಕ ಮಾಡಿ ನೋಡೋಣ. ಹತ್ತು ಲೀಟರು ನೀರು ಹಿಡಿಯುವ ಗಡಿಗೆ. ಬೆಳಿಗ್ಗೆ ತುಂಬಿದಾಗ ನೀರು 36 ಡಿಗ್ರಿ ಇದ್ದಿತೆನ್ನಿ. ಅದು 26 ಡಿಗ್ರಿಗೆ ಇಳಿಯಬೇಕಾದರೆ 10,000 ಗ್ರಾಂ ನೀರಿನಿಂದ ಗ್ರಾಮಿಗೆ 10 ಕ್ಯಾಲರಿಯಂತೆ ಒಂದು ಲಕ್ಷ ಕ್ಯಾಲರಿ ಶಾಖವನ್ನು ತೆಗೆಯಬೇಕು. ಒಂದು ಲಕ್ಷವನ್ನು 580ರಿಂದ ಭಾಗಿಸಿದರೆ 172. ಅಂದರೆ ಹತ್ತು ಲೀಟರು ನೀರನ್ನು ಹತ್ತು ಡಿಗ್ರಿ ತಣಿಸಲು ಒಂದು ಸಣ್ಣ ಲೋಟದಷ್ಟು ನೀರು ಆವಿಯಾದರೆ ಸಾಕು! ವಾಸ್ತವವಾಗಿ ಸುತ್ತಲಿನ ಬಿಸಿಗಾಳಿಯು ಗಡಿಗೆಗೆ ಸತತವಾಗಿ ಶಾಖವನ್ನು ಕೊಡುತ್ತಲೇ ಇರುವುದರಿಂದ ಇದಕ್ಕಿಂತ ಹೆಚ್ಚು ನೀರು ವೆಚ್ಚವಾಗುತ್ತದೆ. ಆದರೂ ಇಷ್ಟು ಅಗ್ಗದ ಶೈತ್ಯಯಂತ್ರವನ್ನು ಮನುಷ್ಯನು ಇನ್ನೊಂದನ್ನು ಮಾಡಿಲ್ಲವೆಂದೇ ನನ್ನ ಅಭಿಪ್ರಾಯ.

ಈಗ “ಮಣ್ಣು ಸ್ವಭಾವತಃ ತಂಪು” ಎಂಬ ಮಾತನ್ನು ನೀವೇ ಪರೀಕ್ಷಿಸಬಹುದು. ಒಂದೇ ಗಾತ್ರದ ಎರಡು ಹೊಸ ಗಡಿಗೆಗಳನ್ನು ತನ್ನಿರಿ. ಒಂದರ ಹೊರಮೈಗೆ ಎಣ್ಣೆಬಣ್ಣವನ್ನು ದಟ್ಟವಾಗಿ ಬಳಿದು ಒಣಗಿಸಿರಿ. ಎರಡರಲ್ಲಿಯೂ ಒಂದೇ ಬಾವಿಯ ನೀರನ್ನು ತುಂಬಿ, ನೆರಳಿನಲ್ಲಿ ಗಾಳಿಯಾಡುವ ಕಡೆಗೆ ಅಕ್ಕಪಕ್ಕದಲ್ಲಿಟ್ಟು, ನಾಲ್ಕು ತಾಸುಗಳ ತರುವಾಯ ಉಷ್ಣಮಾಪಕವನ್ನು ಇಳಿಬಿಟ್ಟು ನೋಡಿರಿ. ಮಣ್ಣು ಎರಡರಲ್ಲಿಯೂ ಇದೆ. ತಂಪು ಒಂದರಲ್ಲಿ ಮಾತ್ರ. ಇತ್ತೀಚೆಗೆ ಸಂತೆಗಳಲ್ಲಿ ಹೂಬಳ್ಳಿಗಳನ್ನು ಬರೆದು ಮಿರುಗುವ ಬಣ್ಣ ಬಳಿದ ಗಡಿಗೆಗಳು ಮಾರಾಟಕ್ಕೆ ಬರುತ್ತವೆ. ನೋಡಲು ಅಂದವೇ, ಆದರೆ ನೀರಿಡುವುದಕ್ಕೆ ಅವನ್ನು ಕೊಳ್ಳುವವರು ಗಡಿಗೆಯ ಮೂಗು ಬಾಯಿಗಳನ್ನು ಮುಚ್ಚಿ ಮನೆಗೆ ತಂದಂತೆಯೇ. ಹಾಗೆಯೇ ಕಳೆದ ವರ್ಷದ ಗಡಿಗೆ ಈ ವರ್ಷ ಅಷ್ಟು ತಂಪು ಮಾಡುವುದಿಲ್ಲವೆಂದು ನಮ್ಮ ಹಿರಿಯರು ಹೇಳುವುದೂ ನಿಜ. ಕೊಳವೆಬಾವಿಯ ಗಡಸು ನೀರಿನಲ್ಲಿರುವ ಲವಣಗಳು ರಂಧ್ರಗಳಲ್ಲಿ ಉಳಿದುಕೊಂಡು ಅವನ್ನು ತುಂಬಿಬಿಡುತ್ತವೆ. ಹಳೆಯ ಗಡಿಗೆಯ ಮೈಮೇಲೆ ಕಾಣುವ ಬಿಳಿಯ ಪೊರೆ ಅದೇ. ಪ್ರತಿ ಯುಗಾದಿಗೆ ಹೊಸ ಗಡಿಗೆ ತರುವ ಮನೆಗಳಲ್ಲಿ ರೂಢಿಯ ಹಿಂದೆ ಭೌತಶಾಸ್ತ್ರವೂ ನಿಂತಿದೆ.

ಗಡಿಗೆಯ ತಳದಲ್ಲಿ ಒದ್ದೆ ಮರಳನ್ನು ಹಾಕುವುದು, ಸುತ್ತಲೂ ತೋಯಿಸಿದ ಗೋಣಿತಟ್ಟನ್ನು ಸುತ್ತುವುದು, ಕಿಟಕಿಗೆ ಲಾವಂಚದ ತಟ್ಟಿಯನ್ನು ಕಟ್ಟಿ ನೀರು ಚಿಮುಕಿಸುವುದು, ಇವೆಲ್ಲವೂ ಇದೇ ತತ್ತ್ವದ ಬೇರೆ ಬೇರೆ ರೂಪಗಳು. ಆಫ್ರಿಕದ ನೈಜೀರಿಯಾ ದೇಶದ ಮೊಹಮ್ಮದ್ ಬಾ ಅಬ್ಬಾ ಎಂಬ ಅಧ್ಯಾಪಕನು ಒಂದು ಗಡಿಗೆಯೊಳಗೆ ಇನ್ನೊಂದು ಸಣ್ಣ ಗಡಿಗೆಯನ್ನಿಟ್ಟು, ನಡುವೆ ಒದ್ದೆ ಮರಳನ್ನು ತುಂಬಿ, ಒಳಗಿನ ಗಡಿಗೆಯಲ್ಲಿ ಕಾಯಿಪಲ್ಯಗಳನ್ನು ಬಹುದಿನ ಕೆಡದಂತೆ ಇಡುವ ಕ್ರಮವನ್ನು ತನ್ನ ನಾಡಿನ ಹಳ್ಳಿಗಳಲ್ಲಿ ಪ್ರಚಾರ ಮಾಡಿದನು. ಈ ಕಾರ್ಯಕ್ಕಾಗಿ ಅವನಿಗೆ 2000ದಲ್ಲಿ ಅಂತರರಾಷ್ಟ್ರೀಯ ಪಾರಿತೋಷಕ ದೊರೆಯಿತು. ನಮ್ಮ ಹಿತ್ತಲಿನ ಬದನೆ, ಟೊಮೆಟೊ, ಮೆಂತ್ಯಸೊಪ್ಪುಗಳ ಮೇಲೆ ಇದನ್ನು ಪ್ರಯೋಗಿಸಿ ನೋಡಲು ಎರಡು ಗಡಿಗೆಗಳ ಬೆಲೆಯ ಹೊರತು ಬೇರೆ ಖರ್ಚಿಲ್ಲ.

ತಂಪಿನ ಎಲ್ಲೆ

ಗಡಿಗೆಯ ನೀರು ಎಷ್ಟರ ಮಟ್ಟಿಗೆ ತಣ್ಣಗಾದೀತು? ಅದಕ್ಕೊಂದು ಎಲ್ಲೆಯಿದೆ. ಎರಡು ಉಷ್ಣಮಾಪಕಗಳನ್ನು ತೆಗೆದುಕೊಂಡು ಒಂದರ ಬಲ್ಬಿಗೆ ತೆಳುವಾದ ಅರಿವೆಯನ್ನು ಸುತ್ತಿ ನೀರಿನಲ್ಲಿ ತೋಯಿಸಿ ಬೀಸಣಿಗೆಯಿಂದ ಗಾಳಿ ಹಾಕಿರಿ. ಒದ್ದೆ ಬಲ್ಬಿನ ಉಷ್ಣಮಾಪಕವು ಇಳಿಯುತ್ತ ಹೋಗಿ ಒಂದೆಡೆ ನಿಂತುಬಿಡುತ್ತದೆ. ಇದಕ್ಕೆ ಆರ್ದ್ರ ಬಲ್ಬಿನ ಉಷ್ಣಮಾನವೆನ್ನುತ್ತಾರೆ. ಗಡಿಗೆಯು ಎಷ್ಟೇ ಪ್ರಯತ್ನಿಸಿದರೂ ಇದಕ್ಕಿಂತ ಕೆಳಗೆ ಇಳಿಯಲಾರದು. ಗಾಳಿಯು 40 ಡಿಗ್ರಿ ಬಿಸಿಯಿದ್ದು ಅದರ ಸಾಪೇಕ್ಷ ಆರ್ದ್ರತೆ ನೂರಕ್ಕೆ 20 ಇದ್ದರೆ ಆರ್ದ್ರ ಬಲ್ಬು ಸುಮಾರು 23 ಡಿಗ್ರಿ ತೋರಿಸುತ್ತದೆ. ಜಮಖಂಡಿಯ ಒಣ ಮಧ್ಯಾಹ್ನ ಹೀಗಿರಬಲ್ಲದು. ಕಾರವಾರದಂತಹ ಕಡಲತೀರದಲ್ಲಿ ಗಾಳಿ 34 ಡಿಗ್ರಿಯೇ ಇದ್ದರೂ ಆರ್ದ್ರತೆ 75 ಇದ್ದರೆ ಆರ್ದ್ರ ಬಲ್ಬು 30ಕ್ಕಿಂತ ಕೆಳಗಿಳಿಯುವುದಿಲ್ಲ. ಉಷ್ಣಮಾಪಕ ನೋಡಿದರೆ ನಮ್ಮ ಊರೇ ಬಿಸಿ. ಗಡಿಗೆಯನ್ನು ಕೇಳಿದರೆ ನಮ್ಮ ಊರೇ ವಾಸಿ!

ನಮ್ಮ ದೇಹವೂ ಒಂದು ಗಡಿಗೆಯೇ. ಸುಮ್ಮನೆ ಕುಳಿತ ಮನುಷ್ಯನ ದೇಹದಲ್ಲಿಯೂ ಸುಮಾರು 100 ವ್ಯಾಟಿನಷ್ಟು ಶಾಖ ಹುಟ್ಟುತ್ತಿರುತ್ತದೆ. ಸುತ್ತಲಿನ ಗಾಳಿ ದೇಹಕ್ಕಿಂತ ಬಿಸಿಯಾಗಿರುವಾಗ ಈ ಶಾಖವನ್ನು ಹೊರಹಾಕಲು ಬೆವರಿನ ಹೊರತು ಬೇರೆ ದಾರಿಯಿಲ್ಲ. ಮೇಲಿನಂತೆಯೇ ಲೆಕ್ಕ ಹಾಕಿದರೆ ತಾಸಿಗೆ 150 ಗ್ರಾಮಿನಷ್ಟು ಬೆವರು ಆರಬೇಕು. ಹೊರಗಾಳಿಯಿಂದ ಬರುವ ಶಾಖಕ್ಕೆ ಇನ್ನಷ್ಟು. ಕಬ್ಬಿನ ಹೊಲದಲ್ಲಿ ದುಡಿಯುವವನಿಗೆ ಇದರ ಹಲವು ಪಟ್ಟು. ಬೇಸಗೆಯಲ್ಲಿ ಮಜ್ಜಿಗೆ, ಮಾವಿನಕಾಯಿಯ ಪಾನಕ, ಕಲ್ಲಂಗಡಿ ಇವುಗಳ ಸವಿ ನಾಲಗೆಯದಷ್ಟೇ ಅಲ್ಲವೆಂಬುದು ಇದರಿಂದ ತಿಳಿಯುತ್ತದೆ. ಮಜ್ಜಿಗೆಗೆ ಹಾಕುವ ಉಪ್ಪು ಬೆವರಿನೊಡನೆ ಹೋದ ಉಪ್ಪಿನ ಸ್ಥಾನವನ್ನು ತುಂಬುತ್ತದೆ.

ಆರ್ದ್ರ ಬಲ್ಬಿನ ಉಷ್ಣಮಾನವು 35 ಡಿಗ್ರಿಯನ್ನು ಮುಟ್ಟಿದರೆ ಆರೋಗ್ಯವಂತನೂ ನೆರಳಿನಲ್ಲಿ ಕುಳಿತೇ ಸಾಯಬಹುದೆಂದು 2010ರಲ್ಲಿ ವಿಜ್ಞಾನಿಗಳಿಬ್ಬರು ಲೆಕ್ಕ ಹಾಕಿ ತೋರಿಸಿದರು. 2022ರಲ್ಲಿ ಅಮೇರಿಕದ ಪೆನ್ಸಿಲ್ವೇನಿಯ ರಾಜ್ಯದ ವಿಶ್ವವಿದ್ಯಾಲಯವೊಂದರಲ್ಲಿ ಯುವಕ ಯುವತಿಯರ ಮೇಲೆ ನಡೆಸಿದ ಪ್ರಯೋಗಗಳಲ್ಲಿ ಈ ಎಲ್ಲೆಯು ಇನ್ನೂ ಕೆಳಗೆ, 31 ಡಿಗ್ರಿಯ ಆಸುಪಾಸಿನಲ್ಲಿಯೇ ಇರುವುದು ಕಂಡುಬಂದಿತು. ಆದುದರಿಂದ ಗಾಳಿಯ ತೇವವು ನಮಗೆ ಕುತೂಹಲದ ವಿಷಯ ಮಾತ್ರವಲ್ಲ. ಒಂದು ಕಾಲಕ್ಕೆ ಈ ಸೀಮೆಯಲ್ಲಿ ಕೃಷ್ಣೆಯು ಬೇಸಗೆಯಲ್ಲಿ ಬತ್ತಿಹೋಗುತ್ತಿದ್ದಳು. 1989ರಲ್ಲಿ ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಯ ಹತ್ತಿರ ನದೀತೀರದ ರೈತರು ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ತಮ್ಮದೇ ಹಣ ಕೂಡಿಸಿ, ತಾವೇ ದುಡಿದು ಒಡ್ಡು ಕಟ್ಟಿದರು. ಇತ್ತ ಬೀಳಗಿಯ ಮಗ್ಗುಲಿಗೆ ಆಲಮಟ್ಟಿಯ ಹಿನ್ನೀರು ಬಂದಿತು. ಎಲ್ಲೆಡೆ ಕಬ್ಬು ಬೆಳೆಯಿತು. ನೀರು ಬಂದುದರಿಂದ ಬದುಕು ಹಸನಾಯಿತೆಂಬುದರಲ್ಲಿ ಸಂಶಯವಿಲ್ಲ. ಆದರೆ ನೀರಾವರಿಯ ಹೊಲ ಉಸಿರಾಡುವ ಆವಿಯೆಲ್ಲವೂ ಗಾಳಿಗೇ ಸೇರತಕ್ಕದ್ದು. ಒಣ ಹೊಲದ ನಡುವಣ ಗಡಿಗೆಗೂ ಕಬ್ಬಿನ ತೋಟದ ಮನೆಯ ಗಡಿಗೆಗೂ ತಂಪಿನಲ್ಲಿ ಎಷ್ಟು ಅಂತರ? ಎರಡು ಉಷ್ಣಮಾಪಕಗಳು, ಒಂದು ತುಂಡು ಅರಿವೆ, ಒಂದು ನೋಟುಪುಸ್ತಕ ಇದ್ದರೆ ಯಾವ ವಿದ್ಯಾರ್ಥಿಯಾದರೂ ಏಪ್ರಿಲ್, ಮೇ ತಿಂಗಳುಗಳಲ್ಲಿ ಇದನ್ನು ದಿನವೂ ಅಳೆದಿಡಬಹುದು. ಅಂತಹ ನೋಟುಪುಸ್ತಕವನ್ನು ಯಾರಾದರೂ ತಂದು ತೋರಿಸಿದರೆ ನನಗೆ ಪರೀಕ್ಷೆಯ ಉತ್ತರಪತ್ರಿಕೆಗಳಿಗಿಂತ ಹೆಚ್ಚಿನ ಸಂತೋಷವಾದೀತು.

ಈ ಸಂದರ್ಭದಲ್ಲಿ ರಬಕವಿ-ಬನಹಟ್ಟಿಯ ನೇಕಾರರ ವಿಷಯವನ್ನು ಹೇಳದೆ ಮುಂದೆ ಹೋಗಲಾರೆ. ಮನುಷ್ಯನಿಗೆ ಒಣಗಾಳಿ ಹಿತ. ಹತ್ತಿಯ ನೂಲಿಗೆ ಅದು ವೈರಿ. ತೇವವನ್ನು ಹೀರಿದ ಹತ್ತಿಯ ಎಳೆ ಒಣಗಿದ ಎಳೆಗಿಂತ ಗಟ್ಟಿ. ಬೇಸಗೆಯಲ್ಲಿ ಹಾಸಿನ ಎಳೆಗಳು ಮೇಲಿಂದ ಮೇಲೆ ಹರಿಯುವುದು ಇದಕ್ಕಾಗಿಯೇ. ನೇಕಾರನು ನೆಲದಲ್ಲಿ ಕುಣಿ ತೋಡಿ, ಕಾಲುಗಳನ್ನು ಕೆಳಗಿಳಿಬಿಟ್ಟು ಕುಳಿತು ನೇಯುವ ಕುಣಿಮಗ್ಗದಲ್ಲಿ ಹಾಸು ನೆಲಕ್ಕೆ ಸಮೀಪವಾಗಿದ್ದು ಮಣ್ಣಿನ ತಂಪೂ ತೇವವೂ ಅದಕ್ಕೆ ದೊರೆಯುತ್ತವೆ. 1906ರಲ್ಲಿ ಅಮೇರಿಕದ ಸ್ಟುವರ್ಟ್ ಕ್ರೇಮರ್ ಎಂಬ ಎಂಜಿನಿಯರನು ಬಟ್ಟೆಯ ಗಿರಣಿಗಳ ಗಾಳಿಗೆ ತೇವ ಕೂಡಿಸುವ ಯಂತ್ರಗಳ ಬಗೆಗೆ ಬರೆಯುತ್ತ ‘ಏರ್ ಕಂಡೀಷನಿಂಗ್’ ಎಂಬ ಪದವನ್ನು ಮೊದಲು ಬಳಸಿದನು. ಇಂದು ನಾವು ಮನೆಯನ್ನು ತಣಿಸುವ ಯಂತ್ರಕ್ಕೆ ಕೊಡುವ ಹೆಸರು ಹುಟ್ಟಿದ್ದು ನೂಲಿನ ಹಿತಕ್ಕಾಗಿ!

ನೆರಳು ಮಾಯವಾಗುವ ಮಧ್ಯಾಹ್ನ

ಮೇ ತಿಂಗಳ 5ರಿಂದ 7ರವರೆಗಿನ ದಿನಗಳಲ್ಲಿ ಮಧ್ಯಾಹ್ನ 12 ಗಂಟೆ 25 ನಿಮಿಷದ ಸುಮಾರಿಗೆ ಅಂಗಳದಲ್ಲಿ ಒಂದು ಒನಕೆಯನ್ನು ನೆಟ್ಟಗೆ ನಿಲ್ಲಿಸಿ ನೋಡಿರಿ. ಅದರ ನೆರಳು ಅದರ ಬುಡದಲ್ಲಿಯೇ ಅಡಗಿಹೋಗಿರುತ್ತದೆ. ನಮ್ಮ ಊರುಗಳು ಭೂಮಧ್ಯರೇಖೆಯಿಂದ ಉತ್ತರಕ್ಕೆ ಸುಮಾರು ಹದಿನಾರೂವರೆ ಡಿಗ್ರಿಯ ಮೇಲಿವೆ. ಉತ್ತರಕ್ಕೆ ಸರಿಯುತ್ತಿರುವ ಸೂರ್ಯನು ಈ ದಿನಗಳಲ್ಲಿ ಸರಿಯಾಗಿ ನಮ್ಮ ನೆತ್ತಿಯ ಮೇಲೆ ಹಾಯುತ್ತಾನೆ. ಬೆಂಗಳೂರಿನಲ್ಲಿ ಇದು ಏಪ್ರಿಲ್ 24ರ ಸುಮಾರಿಗೇ ಆಗಿಹೋಗಿರುತ್ತದೆ. ಆಗಸ್ಟಿನ ಮೊದಲ ವಾರದಲ್ಲಿ ಸೂರ್ಯನು ಹಿಂದಿರುಗುವಾಗ ಮತ್ತೊಮ್ಮೆ ನಮ್ಮ ನೆತ್ತಿಗೆ ಬರುತ್ತಾನೆ. ಆದರೆ ಆಗ ಮೋಡಗಳು ಅವನನ್ನು ಕಾಣಗೊಡುವುದು ಅಪರೂಪ. ಹನ್ನೆರಡಕ್ಕೆ ಸರಿಯಾಗಿ ಆಗದೆ 25 ನಿಮಿಷ ತಡವೇಕೆ ಎಂದು ಕೇಳುವಿರಾ? ನಮ್ಮ ಗಡಿಯಾರಗಳು ನಡೆಯುವುದು ಎಂಬತ್ತೆರಡೂವರೆ ಡಿಗ್ರಿ ರೇಖಾಂಶದ ಕಾಲದಂತೆ. ನಾವಿರುವುದು ಎಪ್ಪತ್ತೈದರ ಹತ್ತಿರ. ಒಂದು ಡಿಗ್ರಿಗೆ ನಾಲ್ಕು ನಿಮಿಷದಂತೆ ಉಳಿದ ಲೆಕ್ಕವನ್ನು ನೀವೇ ಮಾಡಿರಿ. ಮೂರು ನಾಲ್ಕು ನಿಮಿಷದ ಹೆಚ್ಚುಕಡಿಮೆ ಉಳಿಯುತ್ತದೆ. ಅದು ಭೂಮಿಯ ಕಕ್ಷೆಯ ಮತ್ತು ಅಕ್ಷದ ಓರೆಯಿಂದ ಬರುವಂಥದು.

ಸೂರ್ಯನು ನೆತ್ತಿಯ ಮೇಲಿರುವಾಗ ಬಿಸಿಲು ಬೀಳುವುದು ಗೋಡೆಗಳ ಮೇಲಲ್ಲ, ಮಾಳಿಗೆಯ ಮೇಲೆ. ವೈಶಾಖದ ಸುಖದುಃಖಗಳೆರಡೂ ನಿರ್ಧಾರವಾಗುವುದು ಮಾಳಿಗೆ ಎಂಥದು ಎಂಬುದರ ಮೇಲೆಯೇ. ನಮ್ಮ ಹಳೆಯ ಮನೆಗಳಲ್ಲಿ ತೊಲೆ ಜಂತಿಗಳ ಮೇಲೆ ದಪ್ಪನಾದ ಮಣ್ಣಿನ ಹೊದಿಕೆ. ಹಗಲು ರಾತ್ರಿಗಳ ಉಷ್ಣಮಾನದ ಏರಿಳಿತವು ಮಣ್ಣಿನೊಳಗೆ ಒಂದು ಅಲೆಯಂತೆ ಇಳಿಯುತ್ತದೆ. ಒಣಮಣ್ಣಿನಲ್ಲಿ ಪ್ರತಿ 10 ಸೆಂಟಿಮೀಟರಿಗೆ ಈ ಅಲೆಯ ಎತ್ತರ ಸುಮಾರು ಮೂರನೆಯ ಒಂದು ಪಾಲಿಗೆ ಕುಗ್ಗುತ್ತದೆ; ಜೊತೆಗೆ ನಾಲ್ಕು ತಾಸಿನಷ್ಟು ತಡವಾಗುತ್ತದೆ. ಹೊದಿಕೆಯು 30 ಸೆಂಟಿಮೀಟರ್ ದಪ್ಪವಿದ್ದರೆ ಮೇಲ್ಮೈಯಲ್ಲಿ 20 ಡಿಗ್ರಿ ಏರುವ ಅಲೆ ಒಳಗೆ ಮುಟ್ಟುವಾಗ ಒಂದೇ ಡಿಗ್ರಿ. ಅದೂ ಮಧ್ಯಾಹ್ನದ ಬಿಸಿಲು ಮನೆಯೊಳಗೆ ಬರುವುದು ನಡುರಾತ್ರಿಗೆ! ಅಷ್ಟುಹೊತ್ತಿಗೆ ಮನೆಮಂದಿಯೆಲ್ಲ ಹೊರಸು, ಕೌದಿಗಳನ್ನು ಹೊತ್ತುಕೊಂಡು ಮಾಳಿಗೆಯ ಮೇಲೆ ಹೋಗಿಯಾಗಿರುತ್ತದೆ. ಬಿಸಿ ಬಂದು ಕದ ತಟ್ಟಿದಾಗ ಮನೆಯಲ್ಲಿ ಯಾರೂ ಇಲ್ಲ.

12 ಸೆಂಟಿಮೀಟರಿನ ಕಾಂಕ್ರೀಟು ಸ್ಲ್ಯಾಬಿನ ಕಥೆ ಬೇರೆ. ಶಾಖವು ಅದರಲ್ಲಿ ಬೇಗ ಹರಿಯುವುದರಿಂದ ಅದೇ 20 ಡಿಗ್ರಿಯ ಅಲೆಯಲ್ಲಿ 8 ಡಿಗ್ರಿಯಷ್ಟು ಒಳಕ್ಕೆ ಬರುತ್ತದೆ. ಅದೂ ಮೂರು ಮೂರೂವರೆ ತಾಸಿನಲ್ಲಿಯೇ, ಅಂದರೆ ಸಂಜೆ ನಾಲ್ಕೈದು ಗಂಟೆಯ ಹೊತ್ತಿಗೆ. ಆ ಮೇಲೆ ಸ್ಲ್ಯಾಬು ಕಾದ ಹೆಂಚಿನಂತೆ ಕೆಳಗಿದ್ದವರ ತಲೆಯ ಮೇಲೆ ಶಾಖವನ್ನು ಸೂಸುತ್ತಲೇ ಇರುತ್ತದೆ.

ಇದನ್ನು ನಾನು ಪುಸ್ತಕದಿಂದ ಕಲಿಸುತ್ತಿದ್ದೆ, ಕಲಿತುಕೊಂಡದ್ದು ಮನೆಯಲ್ಲಿ. ಕೆಲವು ವರ್ಷಗಳ ಹಿಂದೆ ನಮ್ಮ ಹಳೆಯ ಮನೆಯ ಮಗ್ಗುಲಿಗೆ ಸ್ಲ್ಯಾಬಿನ ಕೋಣೆಯೊಂದನ್ನು ಕಟ್ಟಿಸಿದೆವು. ಎಂಬತ್ತು ದಾಟಿದ ಅಜ್ಜನಿಗೆ ಅನುಕೂಲವಾಗಲೆಂದು ಅಲ್ಲಿ ಹಾಸಿಗೆ ಹಾಕಿ, ಹೊಸ ಫ್ಯಾನನ್ನು ತಂದು ತೂಗುಹಾಕಿದವನು ನಾನೇ. ಮೇ ತಿಂಗಳ ಒಂದು ದಿನ ಬಿಸಿಗಾಳಿ ಬಾರದಿರಲೆಂದು ಬಾಗಿಲು ಕಿಟಕಿ ಮುಚ್ಚಿ, ಫ್ಯಾನು ಹಚ್ಚಿ ಕಾಲೇಜಿಗೆ ಹೋಗಿದ್ದೆ. ನಾಲ್ಕೂವರೆಗೆ ಬಂದು ನೋಡಿದರೆ ಅಜ್ಜನಿಗೆ ಮಾತು ತೊದಲುತ್ತಿತ್ತು. ಮೈ ಕೆಂಡದಂತೆ ಬಿಸಿ, ಆದರೆ ಬೆವರಿನ ಒಂದು ಹನಿಯೂ ಇಲ್ಲ. ನಾನು ದಿಗ್ಭ್ರಮೆಗೊಂಡು ನಿಂತಿರುವಾಗ ಅವ್ವ ಧೋತರವೊಂದನ್ನು ಗಡಿಗೆಯ ನೀರಿನಲ್ಲಿ ಅದ್ದಿ ತಂದು ಅಜ್ಜನ ಮೈಗೆಲ್ಲ ಹೊದಿಸಿದಳು. “ಮೈ ಒಣಗೇತಿ, ಬರೇ ಗಾಳಿ ಏನ್ ಮಾಡತೈತಿ? ಮೊದಲ ತೋಯಿಸು” ಎಂದಳು. ಅದೇ ಫ್ಯಾನಿನ ಗಾಳಿ ಈಗ ಒದ್ದೆ ಅರಿವೆಯ ಮೇಲೆ ಬೀಸಿ ತನ್ನ ಕೆಲಸವನ್ನು ಮಾಡತೊಡಗಿತು. ವೈದ್ಯರು ಬರುವಷ್ಟರಲ್ಲಿ ಅಜ್ಜ ಕಣ್ಣು ತೆರೆದು ನಮ್ಮನ್ನು ಗುರುತಿಸಿದ್ದರು.

ನನ್ನ ತಪ್ಪು ಎಲ್ಲಿ? ಫ್ಯಾನು ಗಾಳಿಯನ್ನು ತಣಿಸುವುದಿಲ್ಲ, ಸರಿಸುತ್ತದೆ ಅಷ್ಟೆ. ಚರ್ಮದ ಉಷ್ಣಮಾನ ಸುಮಾರು 35 ಡಿಗ್ರಿ. ಕೋಣೆಯ ಗಾಳಿ ಅದಕ್ಕಿಂತ ಕೆಳಗಿದ್ದರೆ ಬೀಸುವ ಗಾಳಿ ದೇಹದ ಶಾಖವನ್ನು ಒಯ್ಯುತ್ತದೆ. ಗಾಳಿ 40 ಡಿಗ್ರಿಯಾದರೆ ಅದೇ ಬೀಸುಗಾಳಿ ದೇಹಕ್ಕೆ ಶಾಖವನ್ನು ತಂದು ತುಂಬುತ್ತದೆ. ಬೆವರು ಧಾರಾಳವಾಗಿದ್ದರೆ ಅದು ಆರುವುದರಿಂದ ಆಗುವ ಲಾಭವು ಈ ನಷ್ಟವನ್ನು ಮೀರುತ್ತದೆ. ತರುಣರಿಗೆ ಫ್ಯಾನು ಹಿತವೆನಿಸುವುದು ಇದರಿಂದ. ಮುದುಕರಿಗೆ ಬೆವರು ಕಡಿಮೆ, ನೀರಡಿಕೆಯ ಅರಿವೂ ಕಡಿಮೆ. ಅವರಿಗೆ ಮುಚ್ಚಿದ ಕೋಣೆಯ ಬಿಸಿಗಾಳಿಯ ಫ್ಯಾನು ಒಲೆಯನ್ನೂದುವ ತಿದಿಯಾಗಬಲ್ಲದು. ಮೈ ಸುಡುತ್ತಿದ್ದು ಮಾತು ತಡವರಿಸಿದರೆ ಮೊದಲು ನೆರಳು, ಒದ್ದೆ ಅರಿವೆ, ಗಾಳಿ, ಒಡನೆಯೇ ವೈದ್ಯರು. ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕಬಾರದು. ಆ ವರ್ಷವೇ ಸ್ಲ್ಯಾಬಿನ ಮೇಲೆ ಸುಣ್ಣವನ್ನು ದಪ್ಪಗೆ ಬಳಿಸಿದೆ. ಹೊಸ ಸುಣ್ಣದ ಬಿಳುಪು ಬಿಸಿಲಿನ ಮುಕ್ಕಾಲು ಪಾಲಿನಷ್ಟನ್ನು ಆಕಾಶಕ್ಕೇ ಹಿಂದಿರುಗಿಸಬಲ್ಲದು. ಖರ್ಚು ಫ್ಯಾನಿಗಿಂತ ಕಡಿಮೆ. ಅಜ್ಜ ಮಾತ್ರ ಮತ್ತೆ ಆ ಕೋಣೆಗೆ ಹೋಗಲಿಲ್ಲ. ಹಗಲೆಲ್ಲ ಬೇವಿನ ಮರದ ಕೆಳಗೇ ಹೊರಸು ಹಾಕಿಸಿಕೊಳ್ಳುತ್ತಿದ್ದರು. ಅವರ ಆಯ್ಕೆಯೂ ಶಾಸ್ತ್ರಸಮ್ಮತವೇ. ತಗಡಿನ ಚಪ್ಪರ ಬಿಸಿಲಿಗೆ ಕಾದು ಕೆಳಗೆ ಶಾಖವನ್ನು ಸೂಸುತ್ತದೆ. ಬೇವಿನ ಎಲೆಗಳೋ ನೀರನ್ನು ಆವಿಯಾಗಿಸುತ್ತ, ಗಾಳಿಗೆ ಅಲುಗುತ್ತ, ತಾವು ಕಾಯುವುದೇ ಇಲ್ಲ.

ರಾತ್ರಿಯ ಮಾಳಿಗೆಯ ಸುಖವನ್ನು ಅನುಭವಿಸದವರಿಗೆ ಹೇಳಿ ತಿಳಿಸುವುದು ಕಷ್ಟ. ಶಾಸ್ತ್ರವನ್ನಷ್ಟು ಹೇಳಬಹುದು. 28 ಡಿಗ್ರಿಯಲ್ಲಿರುವ ಮೇಲ್ಮೈಯು ಪ್ರತಿ ಚದರ ಮೀಟರಿಗೆ ಸುಮಾರು 465 ವ್ಯಾಟಿನಷ್ಟು ಕಾಣದ ಕಿರಣಗಳನ್ನು ಆಕಾಶಕ್ಕೆ ಸೂಸುತ್ತದೆ. ಮೋಡವಿಲ್ಲದ ಒಣ ಆಕಾಶವು ಅದರಲ್ಲಿ ಹಿಂದಿರುಗಿಸುವುದು ಐದರಲ್ಲಿ ನಾಲ್ಕು ಪಾಲಿನಷ್ಟು ಮಾತ್ರ. ಉಳಿದ ತೊಂಬತ್ತು ವ್ಯಾಟಿನಷ್ಟು ನಿವ್ವಳ ನಷ್ಟ, ಅಂದರೆ ನಮಗೆ ನಿವ್ವಳ ಲಾಭ. ಮೋಡ ಕವಿದ ರಾತ್ರಿ ಸೆಕೆಯಾಗುವುದು ಈ ವ್ಯಾಪಾರ ನಿಂತುಹೋಗುವುದರಿಂದ. ಮೇ ತಿಂಗಳಲ್ಲಿ ರಾತ್ರಿ ಒಂಬತ್ತರ ಮೇಲೆ ಅಂಗಾತ ಮಲಗಿದರೆ ಉತ್ತರಕ್ಕೆ ಸಪ್ತರ್ಷಿಮಂಡಲ, ಅದರ ಬಾಲದ ಬಾಗನ್ನೇ ಹಿಡಿದು ಹೋದರೆ ಕಿತ್ತಳೆಯ ಹೊಳಪಿನ ಸ್ವಾತಿ, ಇನ್ನೂ ಮುಂದೆ ಬಿಳಿಯ ಚಿತ್ತಾ. ದಕ್ಷಿಣದ ಅಂಚಿನಲ್ಲಿ ನೆಲದಿಂದ ಹದಿಮೂರು ಹದಿನಾಲ್ಕು ಡಿಗ್ರಿಯಷ್ಟೇ ಮೇಲೆ, ನಾಲ್ಕು ನಕ್ಷತ್ರಗಳ ಸಣ್ಣ ಶಿಲುಬೆ. ನಮ್ಮವರು ತ್ರಿಶಂಕುವೆಂದು ಕರೆಯುವುದು ಇದನ್ನೇ. ದೆಹಲಿಯ ಮಕ್ಕಳಿಗೆ ಇದು ದಿಗಂತಕ್ಕೆ ಅಂಟಿಕೊಂಡು ಕಂಡೂ ಕಾಣದಂತಿರುತ್ತದೆ.

ಬಿಸಿಲ್ಗುದುರೆಯ ಬೆನ್ನುಹತ್ತಿ

ರಜೆಯಲ್ಲಿ ಕೆಲವು ವಿದ್ಯಾರ್ಥಿಗಳೊಡನೆ ಬೀಳಗಿ ತಾಲ್ಲೂಕಿನ ಚಿಕ್ಕಸಂಗಮಕ್ಕೆ ಬುತ್ತಿ ಕಟ್ಟಿಕೊಂಡು ಹೋಗುವುದುಂಟು. ಘಟಪ್ರಭೆಯು ಕೃಷ್ಣೆಯನ್ನು ಕೂಡುವ ಸ್ಥಳವದು. ಜಮಖಂಡಿಯನ್ನು ಬಿಟ್ಟು ಡಾಂಬರು ರಸ್ತೆಯಲ್ಲಿ ಸಾಗುವಾಗ ಮುಂದೆ ರಸ್ತೆಯ ಮೇಲೆ ನೀರು ಚೆಲ್ಲಿದಂತೆ ಹೊಳೆಯುತ್ತದೆ. ಹತ್ತಿರ ಹೋದಂತೆ ಅದು ದೂರ ಓಡುತ್ತದೆ. ನಮ್ಮ ನುಡಿಯಲ್ಲಿ ಇದಕ್ಕೆ ಬಿಸಿಲ್ಗುದುರೆ ಎಂಬ ಸೊಗಸಾದ ಹೆಸರಿದೆ. ಕಾದ ರಸ್ತೆಗೆ ತಾಗಿದ ಗಾಳಿ ಮೇಲಿನ ಗಾಳಿಗಿಂತ ವಿರಳ. ಆಕಾಶದಿಂದ ಓರೆಯಾಗಿ ಇಳಿದ ಬೆಳಕು ಈ ವಿರಳ ಪದರದಲ್ಲಿ ಬಾಗಿ ಮೇಲಕ್ಕೆ ತಿರುಗಿ ಕಣ್ಣಿಗೆ ಬರುತ್ತದೆ. ನಾವು ಕಾಣುವುದು ನೀರನ್ನಲ್ಲ, ಆಕಾಶದ ತುಣುಕನ್ನು. 1798ರಲ್ಲಿ ನೆಪೋಲಿಯನನ ಸೈನ್ಯದೊಡನೆ ಈಜಿಪ್ಟಿಗೆ ಹೋಗಿದ್ದ ಗಾಸ್ಪಾರ್ ಮೊಂಜ್ ಎಂಬ ಗಣಿತಜ್ಞನು ಮರುಭೂಮಿಯಲ್ಲಿ ಬಾಯಾರಿದ ಸೈನಿಕರನ್ನು ಕಾಡಿದ ಈ ದೃಶ್ಯಕ್ಕೆ ಕಾರಣವನ್ನು ವಿವರಿಸಿದನು.

ಕುದುರೆ ಎಷ್ಟು ದೂರದಲ್ಲಿ ಓಡುತ್ತದೆ? ರಸ್ತೆಗೆ ತಾಗಿದ ಗಾಳಿ ಮೇಲಿನದಕ್ಕಿಂತ 20 ಡಿಗ್ರಿ ಬಿಸಿಯಿದ್ದರೆ ವಕ್ರೀಭವನಾಂಕದ ವ್ಯತ್ಯಾಸ ಲಕ್ಷಕ್ಕೆ ಎರಡರಷ್ಟೂ ಇಲ್ಲ. ಬೆಳಕು ಹೀಗೆ ತಿರುಗಬೇಕಾದರೆ ಅದು ರಸ್ತೆಯೊಡನೆ ಡಿಗ್ರಿಯ ಮೂರನೆಯ ಒಂದು ಪಾಲಿಗಿಂತ ಹೆಚ್ಚಿನ ಕೋನವನ್ನು ಮಾಡಕೂಡದು. ಕಣ್ಣು ನೆಲದಿಂದ ಒಂದೂವರೆ ಮೀಟರು ಎತ್ತರದಲ್ಲಿದ್ದರೆ ಈ ಕೋನವು ಸಿಕ್ಕುವುದು ಸುಮಾರು 250 ಮೀಟರು ಆಚೆಗೆ. ನೀವು ನಡೆದರೂ ಮೋಟಾರು ಸೈಕಲ್ಲಿನ ಮೇಲೆ ಹಾರಿದರೂ ಆ ಅಂತರ ಹಾಗೆಯೇ ಉಳಿಯುತ್ತದೆ. ಕೆಳಗೆ ಕುಳಿತು ನೋಡಿದರೆ ಕುದುರೆ ಹತ್ತಿರ ಬರುತ್ತದೆ. ನಮ್ಮ ವಿದ್ಯಾರ್ಥಿಯೊಬ್ಬ ರಸ್ತೆಯ ಬದಿಗೆ ಮಂಡಿಯೂರಿ ಕುಳಿತು ಇದನ್ನು ಎಲ್ಲರಿಗೂ ತೋರಿಸಿಕೊಟ್ಟನು.

ಸಂಗಮದಲ್ಲಿ ಮರಳು ಕಾಲು ಸುಡುತ್ತಿತ್ತು, ನೀರು ತಣ್ಣಗಿತ್ತು. ಒಂದೇ ಅಳತೆಯ ಶಾಖದಿಂದ ಮರಳು ನೀರಿಗಿಂತ ಐದು ಪಟ್ಟು ಹೆಚ್ಚು ಕಾಯುತ್ತದೆ. ಆಳದ ಮಡುವಿನಲ್ಲಿ ಮೇಲಿನ ನೀರು ಬೆಚ್ಚಗೆ, ಕಾಲಿಗೆ ತಾಗುವ ನೀರು ಕೊರೆಯುವಂತೆ ಇರುತ್ತದೆ. ಈಜು ಬಲ್ಲವರೂ ಅರಿಯದ ಮಡುವಿಗೆ ಇಳಿಯಬಾರದು. ಮರಳು ತೆಗೆದ ಕುಣಿಗಳು ಮೇಲಿನಿಂದ ಕಾಣುವುದಿಲ್ಲ. ದಂಡೆಯಲ್ಲಿ ಕುಳಿತು ರೊಟ್ಟಿ, ಶೇಂಗಾ ಚಟ್ನಿ, ಉಳ್ಳಾಗಡ್ಡಿ, ಮೊಸರು ಮುಗಿಸುವಷ್ಟರಲ್ಲಿ ಪಡುವಣ ಮೂಲೆಯಲ್ಲಿ ಮೋಡ ಕಟ್ಟತೊಡಗಿತು. ಭರಣಿಯ ಮಳೆ.

ಮಿಂಚು ಕಂಡ ಕ್ಷಣದಿಂದ ಗುಡುಗು ಕೇಳುವವರೆಗೆ ಎಣಿಸಿರಿ. ಬೇಸಗೆಯ ಗಾಳಿಯಲ್ಲಿ ಶಬ್ದವು ಸೆಕೆಂಡಿಗೆ ಸುಮಾರು 350 ಮೀಟರು ಸಾಗುವುದರಿಂದ ಮೂರು ಸೆಕೆಂಡಿಗೆ ಒಂದು ಕಿಲೋಮೀಟರೆಂದು ಹಿಡಿಯಬಹುದು. ಎಣಿಕೆ ಮೂವತ್ತಕ್ಕಿಂತ ಕಡಿಮೆಯಾದರೆ ಮೋಡವು ಹತ್ತು ಕಿಲೋಮೀಟರಿನ ಒಳಗಿದೆ. ಹೊಳೆಯನ್ನೂ ಮಾಳಿಗೆಯನ್ನೂ ಬಿಟ್ಟು ಗಟ್ಟಿಯಾದ ಮನೆಯೊಳಗೆ ಹೋಗುವ ಸಮಯವದು. ಒಂಟಿ ಮರದ ಕೆಳಗೆ ನಿಲ್ಲುವುದಂತೂ ಸಲ್ಲದು. ಪ್ರತಿ ವರ್ಷ ಮುಂಗಾರಿನ ಮುಂಚಿನ ಈ ಮಳೆಗಳಲ್ಲಿ ಹೊಲಗಳಲ್ಲಿ ಸಿಡಿಲಿಗೆ ಸಾಯುವವರಲ್ಲಿ ಮರದ ಆಸರೆಗೆ ಓಡಿದವರು ಇದ್ದೇ ಇರುತ್ತಾರೆ. ನಾವು ಮೂವತ್ತೆರಡು ಎಣಿಸಿ ಹೊರಟೆವು.

ಮೊದಲ ಹನಿಗಳು ಬಿದ್ದಾಗ ಎದ್ದ ಮಣ್ಣಿನ ಪರಿಮಳಕ್ಕೆ ಆಸ್ಟ್ರೇಲಿಯದ ಇಸಾಬೆಲ್ ಬೇರ್ ಮತ್ತು ರಿಚರ್ಡ್ ಥಾಮಸ್ ಎಂಬ ವಿಜ್ಞಾನಿಗಳು 1964ರಲ್ಲಿ ‘ಪೆಟ್ರಿಕೋರ್’ ಎಂಬ ಹೆಸರು ಕೊಟ್ಟರು. ಒಣ ದಿನಗಳಲ್ಲಿ ಸಸ್ಯಗಳಿಂದ ಬಂದು ಕಲ್ಲುಮಣ್ಣುಗಳು ಹೀರಿಟ್ಟುಕೊಂಡ ತೈಲಗಳೂ ಮಣ್ಣಿನ ಸೂಕ್ಷ್ಮಜೀವಿಗಳು ತಯಾರಿಸುವ ಜಿಯೋಸ್ಮಿನ್ ಎಂಬ ವಸ್ತುವೂ ಇದರಲ್ಲಿವೆ. ಹನಿಯು ಮಣ್ಣಿಗೆ ಬಡಿದಾಗ ರಂಧ್ರಗಳ ಗಾಳಿ ಗುಳ್ಳೆಗಳಾಗಿ ಹನಿಯೊಳಗಿಂದ ಮೇಲೆದ್ದು ಒಡೆದು, ಪರಿಮಳವನ್ನು ತುಂತುರಾಗಿ ಎರಚುತ್ತದೆ. 2015ರಲ್ಲಿ ಅಮೇರಿಕದ ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯವರು ಅತಿವೇಗದ ಕ್ಯಾಮರಾದಿಂದ ಇದನ್ನು ಚಿತ್ರೀಕರಿಸಿದರು. ಹೊಸ ಗಡಿಗೆಗೆ ಮೊದಲ ಸಲ ನೀರು ಹಾಕಿದಾಗ ಮಣ್ಣಿನ ವಾಸನೆ ಬರುವುದಷ್ಟೆ? ಅಲ್ಲಿಯೂ ನೀರು ಹೊಕ್ಕು ರಂಧ್ರಗಳ ಗಾಳಿಯನ್ನು ಹೊರದೂಡುತ್ತದೆ.

ಮರುದಿನ ಮಧ್ಯಾಹ್ನ ಉಷ್ಣಮಾಪಕವು 36 ಡಿಗ್ರಿಗೆ ಇಳಿದಿತ್ತು. ಊಟದ ಹೊತ್ತಿಗೆ ಅವ್ವ ತಂಬಿಗೆಯ ನೀರನ್ನು ಗುಟುಕರಿಸಿ, “ನಿನ್ನಿನಂಗ ಇಲ್ಲ ನೋಡು ನೀರು, ಗಡಿಗಿ ಕೆಟ್ಟಿತೇನೋ” ಎಂದಳು. ನಾನು ಹೋಗಿ ಪಡಸಾಲೆಯ ಗೂಟಕ್ಕೆ ತೂಗುಹಾಕಿದ್ದ ಎರಡು ಉಷ್ಣಮಾಪಕಗಳನ್ನು ನೋಡಿದೆ. ನಿನ್ನೆ ದೂರ ದೂರ ನಿಂತಿದ್ದ ಪಾದರಸದ ಎರಡು ಗೆರೆಗಳು ಇಂದು ಬಹಳ ಹತ್ತಿರ ಬಂದಿದ್ದವು.